ಕರ್ಟನ್ ಕೆಲಸದ ಲೆಕ್ಕ: ಮೂರನೇ ತಿಂಗಳು

ತುಮಕೂರಲ್ಲಿ ಕರ್ಟನ್ ರಾಡ್ ಹಾಕಿಸಬೇಕು ಅಂದರೆ ಡ್ರಿಲ್ ಮಷಿನ್ ಇರುವ ಯಾರನ್ನಾದರೂ ಕರೆಯುತ್ತಾರೆ. ಎಲೆಕ್ಟ್ರಿಷಿಯನ್ನೇ ಹಾಕಿಕೊಟ್ಟು ಹೋಗುತ್ತಾನೆ. ಹಾಗಿರುವಾಗ ನನ್ನನ್ನೇ ಯಾಕೆ ಕರೆಯಬೇಕು? ಮೇ ತಿಂಗಳಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ಈ ಲೆಕ್ಕ ಬರೆಯಲು ಶುರು ಮಾಡಿದೆ.

ಮೇ: ವಿಸಿಟಿಂಗ್ ಕಾರ್ಡ್, ಬೈಕ್ ಮೇಲೆ ಸ್ಟಿಕ್ಕರ್. ಅದನ್ನು ನೋಡಿ ಬಂದ ಫೋನ್ ಒಂದೂ ಇಲ್ಲ.

ಜೂನ್: ಪೆಟ್ಟು ಬಿತ್ತು. ಸರಸ್ವತಿಪುರಂನಲ್ಲಿ ಕಿಟಕಿ ಒಳಗೇ ಕೂರುವ ರೋಲರ್ ಬ್ಲೈಂಡ್, ಅಂದರೆ ಮೇಲೆ ಸುರುಳಿ ಸುತ್ತಿಕೊಳ್ಳುವ ಪರದೆ. ಅಗಲ ಮೇಲ್ಗಡೆ ಮಾತ್ರ ಅಳೆದಿದ್ದೆ. ಹಾಕಿ ಇಳಿಸಿದರೆ ಅರ್ಧದಿಂದ ಕೆಳಗೆ ಪಟ್ಟಿ ಗೋಡೆಗೆ ಉಜ್ಜುತ್ತಿದೆ. ಗಾರೆಯವರು ಕೆಳಗಡೆ 8 ಮಿಲಿಮೀಟರ್ ಜಾಸ್ತಿ ಮೆತ್ತಿದ್ದರು. ಅಳತೆಗೆ ಕತ್ತರಿಸಿದ ಮಾಲು ಅಂಗಡಿಯವರು ವಾಪಸ್ ತಗೊಳ್ಳಲ್ಲ ಅಲ್ವಾ, 2,100 ರೂಪಾಯಿ ಕೈಯಿಂದ ಹೋಯಿತು. ಈಗ ಮೇಲೆ, ಮಧ್ಯೆ, ಕೆಳಗೆ ಅಳೆದು, ಕಡಿಮೆ ಬಂದದ್ದನ್ನೇ ಹಿಡಿಯುತ್ತೇನೆ. ಮೂಲೆಯಿಂದ ಮೂಲೆಗೆ ಓರೆಯಾಗಿಯೂ ಟೇಪ್ ಹಿಡಿಯುತ್ತೇನೆ. ಎರಡೂ ಓರೆ ಅಳತೆ ಸಮ ಬರದಿದ್ದರೆ ಕಿಟಕಿ ಸೊಟ್ಟ. ಹೊರಗಡೆ ಹಾಕೋಣ ಅಂತ ಅಲ್ಲೇ ಹೇಳಿಬಿಡುತ್ತೇನೆ.

ಜುಲೈ: ಈ ತಿಂಗಳು ತಲೆ ತಿಂದದ್ದು ಲಿಂಟಲ್, ಅಂದರೆ ಕಿಟಕಿ ಮೇಲಿನ ಕಾಂಕ್ರೀಟು ತೊಲೆ. ಬಟ್ಟೆ ಪೂರ್ತಿ ಪಕ್ಕಕ್ಕೆ ಸರಿಯಲಿ ಅಂತ ರಾಡನ್ನು ಎರಡೂ ಬದಿ ಆರಾರು ಇಂಚು ಚಾಚುತ್ತೇವೆ. ಲಿಂಟಲ್ ಕೂಡ ಗೋಡೆಯೊಳಗೆ ಹೆಚ್ಚುಕಡಿಮೆ ಅಷ್ಟೇ ಹೋಗಿರುತ್ತದೆ. ಹಾಗಾಗಿ ತೂತು ಕಾಂಕ್ರೀಟು, ಇಟ್ಟಿಗೆ ಎರಡರ ಸಂದಿಗೇ ಬೀಳುತ್ತದೆ. ಬಿಟ್ ಮೆತ್ತಗಿರುವ ಕಡೆ ಜಾರುತ್ತದೆ, ತೂತು ಅಗಲವಾಗುತ್ತದೆ, ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಪ್ಲಗ್ ಸುಮ್ನೆ ಗಿರಗಿರ ತಿರುಗುತ್ತದೆ. ಈಗ ಮೊದಲು ಸಣ್ಣ ಬಿಟ್ ಹಾಕಿ ಉದುರುವ ಪುಡಿ ನೋಡುತ್ತೇನೆ. ಬೂದು ಬಣ್ಣ ಇದ್ದರೆ ಕಾಂಕ್ರೀಟು, ಕೆಂಪಿದ್ದರೆ ಇಟ್ಟಿಗೆ. (ಮೊದಲ ಅರ್ಧ ಇಂಚು ಗಾರೆ. ಅದೂ ಬೂದೇ, ಮೋಸ ಹೋಗಬಾರದು.) ಎರಡೂ ಬೆರೆತು ಬಂದರೆ ಎರಡು ಇಂಚು ಆಚೆಗೆ. ರಸಮಟ್ಟ ಇಟ್ಟು ಗುರುತು ಮಾಡುವುದು ಆಮೇಲೆ.

ಪುಡಿ ನೋಡಬೇಕು ಅಂತ ತೂತಿನ ಕೆಳಗೆ ಹಳೇ ಮದುವೆ ಕಾರ್ಡಿನ ಕವರನ್ನು ಬಾಯಿ ತೆರೆದು, ಮಾಸ್ಕಿಂಗ್ ಟೇಪಲ್ಲಿ ಅಂಟಿಸಲು ಶುರು ಮಾಡಿದ್ದೆ. ಪುಡಿಯೆಲ್ಲ ಅದರೊಳಗೇ ಬೀಳುತ್ತದೆ. ಕ್ಯಾತ್ಸಂದ್ರದ ಮನೆಯಲ್ಲಿ ಅಜ್ಜಿ ಒಬ್ಬರು ಪೊರಕೆ ಹಿಡಿದೇ ಕಾಯುತ್ತಿದ್ದರು. ಕೊನೆಗೆ ಸೋಫಾ ಮೇಲೆ ಬೆರಳಾಡಿಸಿ ನೋಡಿ, "ಧೂಳೆಲ್ಲ ಎಲ್ ಹೋಯ್ತಪ್ಪಾ?" ಅಂದರು. ಕವರ್ ಬಿಚ್ಚಿ ತೋರಿಸಿದೆ. ಗೋಡೆ ನೆಟ್ಟಗಿದೆಯಾ, ರಾಡ್ ನೆಟ್ಟಗಿದೆಯಾ, ಅವರು ಕೇಳಲೇ ಇಲ್ಲ!

ಮೂರು ದಿನಕ್ಕೆ ಬಟವಾಡಿಯಿಂದ ಅವರ ನಾದಿನಿ ಫೋನು: "ಧೂಳು ಮಾಡದೆ ಕರ್ಟನ್ ಹಾಕ್ತಾರಂತಲ್ಲ, ಅವರು ನೀವೇನಾ?"

ಭಾನುವಾರ ಅಲ್ಲಿ ನಾಲ್ಕು ಬ್ಲೈಂಡ್. ಮನೆಯಲ್ಲಿ ಎರಡು ವರ್ಷದ ಮಗು ಇದೆಯಂತೆ. ನೇತಾಡುವ ಮಣಿ ಚೈನು ಕುತ್ತಿಗೆಗೆ ಸಿಕ್ಕಿಕೊಂಡರೆ ಕಷ್ಟ. ಚೈನನ್ನು ಗೋಡೆಗೆ ಬಿಗಿಯಾಗಿ ಹಿಡಿದಿಡುವ ಕ್ಲಿಪ್ ನಾಲ್ಕು ತರಬೇಕು. ಕವರುಗಳೂ ಮುಗಿಯುತ್ತಾ ಬಂದವು. ಆಷಾಢ ಬೇರೆ, ಹೊಸ ಮದುವೆ ಕಾರ್ಡ್ ಬರುವುದಿಲ್ಲ.