ಮಡಿಕೇರಿಗೆ ಹೋದರೆ ನಾಲ್ಕುನಾಡು ಅರಮನೆಗೆ ಒಂದು ದಿನ ಇಡಿ

ಮಡಿಕೇರಿಗೆ ಹೋದವರು ರಾಜಾಸೀಟ್, ಅಬ್ಬಿ, ದುಬಾರೆ ಅಂತ ಸುತ್ತಿ ವಾಪಸ್ ಬರುತ್ತಾರೆ. ಶನಿವಾರ, ಭಾನುವಾರವಂತೂ ಅಲ್ಲಿ ಗಾಡಿ ನಿಲ್ಲಿಸುವುದೇ ಒಂದು ಸಾಹಸ. ನಾವು ಈ ಸಲ ಅವೆಲ್ಲವನ್ನೂ ಬಿಟ್ಟು ಕೊಡಗಿನ ರಾಜರ ಎರಡು ಅರಮನೆ, ಒಂದು ಜಲಪಾತ, ಇಷ್ಟನ್ನೇ ಇಟ್ಟುಕೊಂಡೆವು. ಬೆಳಗ್ಗೆ ಬೇಗ ಹೊರಟರೆ ಇಷ್ಟೂ ಒಂದೇ ದಿನದಲ್ಲಿ ಆರಾಮಾಗಿ ಆಗುತ್ತದೆ. ಆದರೆ ಬೆಂಗಳೂರಿನಿಂದ ಹೊರಟು ಅದೇ ದಿನ ಮನೆ ಸೇರುತ್ತೇವೆ ಅನ್ನುವ ಲೆಕ್ಕ ಬೇಡ. ಹಿಂದಿನ ರಾತ್ರಿಯೇ ಮಡಿಕೇರಿಯಲ್ಲಿ ಉಳಿಯಿರಿ. ಮೈಸೂರಿನವರು ಬೇಕಾದರೆ ನಸುಕಿನಲ್ಲೇ ಹೊರಟು ನೋಡಬಹುದು.

ಮೊದಲು ಮಡಿಕೇರಿ ಕೋಟೆ. ಊರ ನಡುವೆಯೇ ಇದೆ, ಆದರೂ ಎಷ್ಟೋ ಜನ ಪಕ್ಕದಲ್ಲೇ ಹಾದು ಹೋಗಿಬಿಡುತ್ತಾರೆ. ಒಳಗಿನ ಅರಮನೆಯನ್ನು ಕೊಡಗಿನ ರಾಜ ಲಿಂಗರಾಜೇಂದ್ರ 1812ರಿಂದ 1814ರ ಹೊತ್ತಿಗೆ ಕಟ್ಟಿಸಿದ. ಆಮೇಲೆ ಬಹಳ ವರ್ಷ ಅಲ್ಲಿ ಸರ್ಕಾರಿ ಕಚೇರಿಗಳಿದ್ದವು. ಒಳಗೆ ಎಷ್ಟು ಭಾಗ ತೆರೆದಿರುತ್ತದೆ ಅನ್ನುವುದು ದುರಸ್ತಿ ಕೆಲಸದ ಮೇಲೆ ಹೋಗುತ್ತದೆ, ಬಾಗಿಲು ಹಾಕಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಅಂಗಳದಲ್ಲಿರುವ ಗಾರೆಯ ಎರಡು ಆನೆಗಳನ್ನು ಮಾತ್ರ ತಪ್ಪಿಸಬೇಡಿ, ನಿಜವಾದ ಆನೆಯಷ್ಟೇ ದೊಡ್ಡವು. ಕೋಟೆಯೊಳಗಿನ ಹಳೆಯ ಚರ್ಚ್ ಈಗ ಮ್ಯೂಸಿಯಂ. ಮಕ್ಕಳಿದ್ದರೆ ಅಲ್ಲೇ ಅರ್ಧ ಗಂಟೆ ಕಳೆಯುತ್ತದೆ.

ಸಮಯ ಮಿಕ್ಕರೆ ಊರಂಚಿನ ಗದ್ದಿಗೆಗೂ ಹೋಗಿ. ದೊಡ್ಡ ವೀರರಾಜೇಂದ್ರ, ಲಿಂಗರಾಜೇಂದ್ರ ಇಬ್ಬರ ಸಮಾಧಿಯೂ ಅಲ್ಲಿದೆ. ಲಿಂಗಾಯತ ರಾಜರ ಸಮಾಧಿಗಳಿಗೆ ಗುಮ್ಮಟ, ಮಿನಾರಿನಂಥ ಗೋಪುರ! ನೋಡಿದ ತಕ್ಷಣ ಯಾರಿಗಾದರೂ ಗಲಿಬಿಲಿಯಾಗುತ್ತದೆ. ಆದರೆ ಹತ್ತೂವರೆಯೊಳಗೆ ಮಡಿಕೇರಿ ಬಿಟ್ಟುಬಿಡಿ. ದಿನದ ಅಸಲಿ ಜಾಗ ಮುಂದಿದೆ.

ನಾಲ್ಕುನಾಡು ಅರಮನೆ ಇರುವುದು ಕಕ್ಕಬ್ಬೆ ಹತ್ತಿರ. ಮೂರ್ನಾಡು, ನಾಪೋಕ್ಲು ದಾಟಿ ಅಲ್ಲಿಗೆ ಹೋಗಬೇಕು. ಮಡಿಕೇರಿಯಿಂದ ನಲವತ್ತು ಕಿಲೋಮೀಟರಿನ ಆಸುಪಾಸು ಅಷ್ಟೇ. ಆದರೆ ತಿರುವುಗಳು ಜಾಸ್ತಿ, ಒಂದೂವರೆ ಗಂಟೆ ಹಿಡಿದೀತು. ಎರಡೂ ಕಡೆ ಕಾಫಿ ತೋಟ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನಡುನಡುವೆ ಗದ್ದೆ ಬಯಲು. ಜನವರಿ ಕಡೆಗೆ ಹೋದರೆ ಮನೆಗಳ ಕಣದಲ್ಲಿ ಕಾಫಿ ಒಣಗಲು ಹರವಿರುತ್ತಾರೆ. ಮೊದಲ ಬೇಸಿಗೆ ಮಳೆ ಬಿದ್ದು ವಾರ, ಹತ್ತು ದಿನಕ್ಕೆ ಹೋದರೆ ತೋಟವೆಲ್ಲ ಬೆಳ್ಳಗೆ ಹೂವಾಗಿರುತ್ತದೆ, ಆ ಘಮಕ್ಕೆ ಕಾರಿನ ಗಾಜು ಇಳಿಸಲೇಬೇಕು. ಪೆಟ್ರೋಲ್, ಕ್ಯಾಶ್ ಎರಡನ್ನೂ ಮಡಿಕೇರಿಯಲ್ಲೇ ನೋಡಿಕೊಳ್ಳಿ. ಮುಂದೆ ಮೊಬೈಲ್ ಸಿಗ್ನಲ್ ಬಂದು ಹೋಗಿ ಮಾಡುತ್ತದೆ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಬಸ್ಸಿನಲ್ಲಿ ಬರುವವರು ಕಕ್ಕಬ್ಬೆ ಹತ್ತಿರದ ಕೈಕಂಬದಲ್ಲಿ ಇಳಿದು ಏರುದಾರಿಯಲ್ಲಿ ನಡೆಯಬೇಕು. ಇಳಿಯುವಾಗಲೇ ವಾಪಸ್ ಬಸ್ ಎಷ್ಟು ಹೊತ್ತಿಗೆ ಅಂತ ಕಂಡಕ್ಟರ್ ಹತ್ತಿರ ಕೇಳಿಡಿ. ಸಂಜೆ ಬಸ್ಸುಗಳು ಕಡಿಮೆ.

ನಾಲ್ಕುನಾಡು ಅರಮನೆ ಕಂಡಾಗ ನಮ್ಮ ಜೊತೆಗಿದ್ದ ಅತ್ತೆ, 'ಇದೇನಾ ಅರಮನೆ? ನಮ್ಮೂರ ಪಟೇಲರ ಮನೆ ಇದ್ದಂಗಿದೆ' ಅಂದರು. ಹಾಗೇ ಇದೆ. ಎರಡಂತಸ್ತು, ಇಳಿಜಾರು ಮಾಡು, ಮರದ ಕಂಬಗಳು. ಮೈಸೂರು ಅರಮನೆಯನ್ನು ತಲೆಯಲ್ಲಿಟ್ಟುಕೊಂಡು ಬಂದವರು ಹತ್ತೇ ನಿಮಿಷದಲ್ಲಿ ಸೆಲ್ಫಿ ತೆಗೆದು ಹೊರಟುಬಿಡುತ್ತಾರೆ. ಕಥೆ ಗೊತ್ತಿದ್ದರೆ ಅದೇ ಮನೆ ಬೇರೆ ಥರ ಕಾಣುತ್ತದೆ.

ದೊಡ್ಡ ವೀರರಾಜೇಂದ್ರನನ್ನು ಟಿಪ್ಪು ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿಟ್ಟಿದ್ದ. 1788ರಲ್ಲಿ ಅವನು ಅಲ್ಲಿಂದ ತಪ್ಪಿಸಿಕೊಂಡು ಬಂದ. ಆಮೇಲೆ 1792ರ ಸುಮಾರಿಗೆ ಬೆಟ್ಟದ ಬುಡದಲ್ಲಿ, ಕಾಡಿನ ಮರೆಯಲ್ಲಿ ಈ ಮನೆ ಕಟ್ಟಿಸಿದ. ಮೆರೆಯುವುದಕ್ಕಲ್ಲ, ಅಡಗುವುದಕ್ಕೆ. ಅಂಗಳದಲ್ಲಿ ನಿಂತು ಸುತ್ತ ನೋಡಿ. ಹಿಂದೆ ತಡಿಯಂಡಮೋಳ್ ಬೆಟ್ಟ, ಮುಂದೆ ಕಾಡು, ತೋಟ. ಇಂಥ ಜಾಗಕ್ಕೆ ಸೈನ್ಯ ತರುವುದು ಎಷ್ಟು ಕಷ್ಟ ಅಂತ ಅಲ್ಲೇ ಗೊತ್ತಾಗುತ್ತದೆ.

ಅಂಗಳದ ಪುಟ್ಟ ಮಂಟಪದಲ್ಲೇ 1796ರಲ್ಲಿ ಅವನಿಗೂ ಮಹದೇವಮ್ಮಾಜಿಗೂ ಮದುವೆಯಾಯಿತು. ಮಂಟಪದೊಳಗೆ ನಿಂತು ಕತ್ತೆತ್ತಿ. ಗಾರೆಯಲ್ಲಿ ಮಾಡಿದ ಹಾವುಗಳಿವೆ, ಬಣ್ಣ ಅಲ್ಲಲ್ಲಿ ಇನ್ನೂ ಉಳಿದಿದೆ. ಮನೆಯೊಳಗಿನ ಗೋಡೆಗಳಲ್ಲೂ ಚಿತ್ರಗಳಿವೆ, ಬಹಳಷ್ಟು ಮಾಸಿಹೋಗಿವೆ. ಅದರ ಮೇಲೆ ಹೆಸರು ಕೆತ್ತಿ ಹೋದ ಪ್ರೇಮಿಗಳಿಗೆ ಏನು ಹೇಳುವುದೋ! ಒಳಕೋಣೆಗಳು ಚಿಕ್ಕವು, ಹಗಲಲ್ಲೂ ಕತ್ತಲೆ. ಟಾರ್ಚ್ ಇಲ್ಲದೆ ಹೋದರೆ ಅರ್ಧ ಅರಮನೆ ನೋಡಿದ ಹಾಗೆ. ಮೊಬೈಲಿನ ಬೆಳಕನ್ನು ಗೋಡೆಗೆ ನೇರ ಹಿಡಿಯದೆ ಪಕ್ಕದಿಂದ ಓರೆಯಾಗಿ ಬಿಡಿ, ಕೆತ್ತನೆಯ ಉಬ್ಬು ತಗ್ಗು ಎದ್ದು ಕಾಣುತ್ತದೆ. ನೋಡಿಕೊಳ್ಳುವವರು ಅಲ್ಲಿದ್ದರೆ 'ಅಣ್ಣಾ, ಸ್ವಲ್ಪ ತೋರಿಸಿ' ಅಂತ ಕೇಳಿ. ಅಡಗುಕೋಣೆಗಳನ್ನು ನಾವಾಗೇ ಹುಡುಕಿದ್ದರೆ ಖಂಡಿತ ಸಿಗುತ್ತಿರಲಿಲ್ಲ. ಹೊರಡುವಾಗ ಅವರ ಕೈಗೆ ಏನಾದರೂ ಕೊಡಿ.

ಕೊನೆಯ ರಾಜ ಚಿಕ್ಕವೀರರಾಜೇಂದ್ರನೂ 1834ರಲ್ಲಿ ಬ್ರಿಟಿಷ್ ಸೈನ್ಯ ಬಂದಾಗ ಇಲ್ಲಿಗೇ ಬಂದು ಅಡಗಿದ. ಅವನಿಗೆ ಈ ಮನೆ ಕೆಲಸಕ್ಕೆ ಬರಲಿಲ್ಲ. ಶರಣಾದ, ರಾಜ್ಯ ಹೋಯಿತು, ಕಾಶಿಗೆ ಕಳಿಸಿದರು. ಮುಂದೆ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೇ ಹೋದ, ಅಲ್ಲೇ ತೀರಿಕೊಂಡ. ಇಷ್ಟು ಚಿಕ್ಕ ಮನೆಯಲ್ಲಿ ಇಷ್ಟು ದೊಡ್ಡ ಕಥೆ!

ಅರಮನೆ ಪಕ್ಕದಿಂದಲೇ ತಡಿಯಂಡಮೋಳ್ ಚಾರಣದ ದಾರಿ ಶುರು. 1748 ಮೀಟರ್, ಕೊಡಗಿನ ಅತಿ ಎತ್ತರದ ಶಿಖರ. ಹತ್ತಿರವೇ ಇದೆಯಲ್ಲ, ಸುಮ್ನೆ ಹತ್ತಿ ಬರೋಣ ಅನ್ನಿಸುತ್ತದೆ. ಬೇಡ. ಅದಕ್ಕೇ ಒಂದು ಇಡೀ ದಿನ ಬೇಕು, ಅರಣ್ಯ ಇಲಾಖೆಯ ಅನುಮತಿಯನ್ನೂ ಆನ್‌ಲೈನಿನಲ್ಲಿ ಮೊದಲೇ ಪಡೆಯಬೇಕು.

ಊಟದ ವಿಷಯ ಮುಖ್ಯ. ಕಕ್ಕಬ್ಬೆಯಲ್ಲಿ ಸಾಲು ಸಾಲು ಹೋಟೆಲ್ ನಿರೀಕ್ಷಿಸಬೇಡಿ. ಹತ್ತಿರದ ಹೋಂಸ್ಟೇಗೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿದರೆ ಊಟ ಮಾಡಿಕೊಡುತ್ತಾರೆ. ಹಂದಿ ತಿನ್ನುವವರಿಗೆ ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಪಂದಿ ಕರಿ (ಹಂದಿ ಸಾರು). ತಿನ್ನದವರು ಮೊದಲೇ ಹೇಳಿ, ನೂಲ್‌ಪುಟ್ಟಿಗೆ (ಅಕ್ಕಿ ಶ್ಯಾವಿಗೆ) ತರಕಾರಿ ಸಾರು ಸಿಗುತ್ತದೆ. ಈ ಊರು ಜೇನಿಗೆ ಹೆಸರುವಾಸಿ, ಕೊಳ್ಳುವುದಾದರೆ ರಸ್ತೆ ಬದಿಯ ಬಾಟಲಿಗಿಂತ ಜೇನು ಸಹಕಾರಿ ಸೊಸೈಟಿಯದ್ದು ಕೇಳಿ.

ಮಧ್ಯಾಹ್ನದ ಮೇಲೆ ಚೆಯ್ಯಂಡಾಣೆ ಕಡೆಯ ಚೇಲಾವರ ಜಲಪಾತ. ಅಗಲವಾದ ಬಂಡೆಯ ಮೇಲೆ ನೀರು ಹರಡಿಕೊಂಡು ಇಳಿಯುತ್ತದೆ. ಮಳೆಗಾಲ ಮುಗಿದ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಚೆನ್ನ, ಏಪ್ರಿಲ್‌ನಲ್ಲಿ ನೀರು ಸೊರಗಿರುತ್ತದೆ. ಕೆಳಗಿನ ಗುಂಡಿಯಲ್ಲಿ ಈಜುವ ಆಸೆ ಬಿಡಿ, ಅಲ್ಲಿ ಮುಳುಗಿ ಸತ್ತವರಿದ್ದಾರೆ. ಪಾಚಿ ಕಟ್ಟಿದ ಬಂಡೆಯ ಮೇಲೆ ಚಪ್ಪಲಿಯಲ್ಲಿ ನಡೆಯಲೇಬೇಡಿ. ಒದ್ದೆ ದಿನಗಳಲ್ಲಿ ಜಿಗಣೆ ಇದ್ದೇ ಇರುತ್ತದೆ, ಸ್ವಲ್ಪ ಉಪ್ಪು ಜೇಬಿನಲ್ಲಿರಲಿ.

ಜೂನ್‌ನಿಂದ ಆಗಸ್ಟ್‌ವರೆಗೆ ಈ ಪ್ರವಾಸವನ್ನೇ ಬಿಡಿ ಅನ್ನುತ್ತೇನೆ. ಕಾವೇರಿ ಉಕ್ಕಿದರೆ ಭಾಗಮಂಡಲ–ನಾಪೋಕ್ಲು ರಸ್ತೆ ಬಂದ್ ಆಗುತ್ತದೆ, ಮರ ಬಿದ್ದರೆ ಉಳಿದ ದಾರಿಗಳದ್ದೂ ಅದೇ ಪಾಡು. ವಾಪಸ್ ಮಡಿಕೇರಿಗೆ ಬರಬೇಕಿಲ್ಲದವರು ಜಲಪಾತದಿಂದ ವಿರಾಜಪೇಟೆ ಕಡೆ ಇಳಿದು, ಗೋಣಿಕೊಪ್ಪ, ಹುಣಸೂರು ಮೇಲೆ ಮೈಸೂರಿಗೆ ಹೋಗಿ. ವಿರಾಜಪೇಟೆಯನ್ನು ಕಟ್ಟಿಸಿದವನೂ ಅದೇ ದೊಡ್ಡ ವೀರರಾಜೇಂದ್ರ. ಟೀ ಕುಡಿಯಲು ಅಲ್ಲಿ ನಿಲ್ಲಿಸಿ, ಗೋಣಿಕೊಪ್ಪದ ಟ್ರಾಫಿಕ್ ಶುರುವಾಗುವ ಮೊದಲು ಹೊರಡಿ.