ಕಾಲಾ ಘೋಡಾಕ್ಕೆ ಗಾಲಿಕುರ್ಚಿಯಲ್ಲಿ ಹೊರಟವರು ಮೊದಲು ಬಾತ್‌ರೂಮ್ ಬಾಗಿಲು ಅಳೆಸಿ

ಮುಂಬೈಯ ಕಾಲಾ ಘೋಡಾ ಕಲಾ ಉತ್ಸವಕ್ಕೆ ಟಿಕೆಟ್ ಇಲ್ಲ, ದುಡ್ಡು ಹೋಗುವುದೆಲ್ಲ ರೂಮಿಗೆ. ಟೋಪಿ ಬೀಳುವುದೂ ಅಲ್ಲೇ. ಅದರ ಸುತ್ತಲಿನ ಫೋರ್ಟ್, ಕೊಲಾಬಾದ ಹಳೇ ಕಟ್ಟಡಗಳ ಲಾಡ್ಜಿನವರು ಫೋನಿನಲ್ಲಿ "ಲಿಫ್ಟ್ ಇದೆ" ಎನ್ನುತ್ತಾರೆ. ಸುಳ್ಳಲ್ಲ, ಇರುತ್ತದೆ. ಆದರೆ ಎಷ್ಟೋ ಕಡೆ ಬೀದಿಯಿಂದ ಐದಾರು ಮೆಟ್ಟಿಲು ಹತ್ತಿದ ಮೇಲೆ. ಅದೂ ಜಾಲರಿ ಬಾಗಿಲಿನ ಹಳೇ ಪೆಟ್ಟಿಗೆ. ಕುರ್ಚಿ ಒಳಗೆ ಹೋದರೆ ತಳ್ಳುವವರಿಗೆ ಜಾಗವಿಲ್ಲ. ಮಾಮೂಲಿ ಗಾಲಿಕುರ್ಚಿಯ ಅಗಲವೇ 60ರಿಂದ 66 ಸೆಂ.ಮೀ. ಬಾತ್‌ರೂಮ್ ಬಾಗಿಲು ಅದಕ್ಕಿಂತ ಕಿರಿದಾದರೆ ಎಷ್ಟು ಸಾವಿರದ ರೂಮಾದರೂ ದಂಡ. ಮುಂಗಡ ಕಳಿಸುವ ಮುಂಚೆ ಬೀದಿಬಾಗಿಲು, ಲಿಫ್ಟಿನ ಒಳಗು, ಟೇಪ್ ಹಿಡಿದ ಬಾತ್‌ರೂಮ್ ಚೌಕಟ್ಟು, ಇಷ್ಟರ ಫೋಟೊ ತರಿಸಿಕೊಳ್ಳಿ. "ನಮ್ಮ ಹುಡುಗರು ಎತ್ತಿ ಬಿಡ್ತಾರೆ" ಅಂದರೆ ಬೇರೆ ಕಡೆ ನೋಡಿ. ಗೋಷ್ಠಿ ಮುಗಿಸಿ ರಾತ್ರಿ ಬರುವ ಹೊತ್ತಿಗೆ ಆ ಹುಡುಗರು ಇರುವುದಿಲ್ಲ.

ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಛತ್ರಪತಿ ಶಿವಾಜಿ ಟರ್ಮಿನಸ್‌ಗೇ (ಸಿಎಸ್‌ಎಂಟಿ) ಬರುತ್ತದೆ, ಅಲ್ಲಿಂದ ಕಾಲಾ ಘೋಡಾ ಹತ್ತಿರ. ಮಂಗಳೂರಿನ ಮತ್ಸ್ಯಗಂಧ ಇಳಿಸುವುದು ಕುರ್ಲಾದ ಟರ್ಮಿನಸ್‌ನಲ್ಲಿ. ಅಲ್ಲಿ ಆಟೋ ಹಿಡಿಯಬೇಡಿ, ಸಾಯನ್ ದಾಟಿ ದಕ್ಷಿಣಕ್ಕೆ ಆಟೋ ಬಿಡುವುದಿಲ್ಲ. ಕಪ್ಪು-ಹಳದಿ ಟ್ಯಾಕ್ಸಿಯ ಡಿಕ್ಕಿ ತುಂಬ ಸಿಎನ್‌ಜಿ ಸಿಲಿಂಡರ್. ಮಡಿಸಿದ ಕುರ್ಚಿಯೂ ಹಿಡಿಸದು. ಮೇಲೆ ಕ್ಯಾರಿಯರ್ ಇರುವ ಗಾಡಿ ನೋಡಿ, ಕಟ್ಟಲು ಹಗ್ಗ ನಿಮ್ಮದೇ ಇರಲಿ. ಮೊದಲ ಒಂದೂವರೆ ಕಿ.ಮೀ.ಗೆ 2025ರಿಂದ 31 ರೂಪಾಯಿ. ಸ್ಟೇಷನ್ ಎದುರು ಬಾಯಿಗೆ ಬಂದ ರೇಟು ಹೇಳಿದರೆ "ಮೀಟರ್" ಎಂದಷ್ಟೇ ಹೇಳಿ ಮುಂದಿನ ಗಾಡಿಗೆ ಹೋಗಿ.

ವಿಮಾನದಲ್ಲಿ ಬರುವವರ ಪಾಡು ಈಗ ಎಷ್ಟೋ ವಾಸಿ. 2025ರ ಅಕ್ಟೋಬರಿನಿಂದ ಅಕ್ವಾ ಮೆಟ್ರೊ ಕಫ್ ಪರೇಡ್‌ವರೆಗೆ ಓಡುತ್ತಿದೆ. ವಿಮಾನ ನಿಲ್ದಾಣದ ಟಿ2ರಲ್ಲಿ ಹತ್ತಿದರೆ ಗಾಡಿ ಬದಲಿಸದೆ ಕಾಲಾ ಘೋಡಾ ಹತ್ತಿರದ ಹುತಾತ್ಮಾ ಚೌಕ್. ಎಲ್ಲ ದ್ವಾರಕ್ಕೂ ಲಿಫ್ಟ್ ಇರುತ್ತದೆಂದು ನಂಬಬೇಡಿ, ಹೊರಗೆ ಬರುವ ಮುಂಚೆ ಸಿಬ್ಬಂದಿಯನ್ನು ಕೇಳಿ. ಮೇಲೆ ಬಂದ ಮೇಲೆ ಫುಟ್‌ಪಾತಿನ ಆಸೆ ಬಿಡಿ. ಎದ್ದ ಪೇವರ್ ಕಲ್ಲು, ಬೈಕ್ ತಡೆಯಲು ನೆಟ್ಟ ಗೂಟ. ಉತ್ಸವದ ದಿನಗಳಲ್ಲಿ ಅದು ನಡೆಯುವ ರಾಂಪಾರ್ಟ್ ರೋ ರಸ್ತೆಗೆ ವಾಹನ ಬಿಡುವುದಿಲ್ಲವಾದ್ದರಿಂದ ಡಾಂಬರು ರಸ್ತೆಯೇ ಸಲೀಸು.

ಸಾಹಿತ್ಯಗೋಷ್ಠಿಗಳು ಹೆಚ್ಚಾಗಿ ನಡೆಯುವುದು ಡೇವಿಡ್ ಸಸೂನ್ ಲೈಬ್ರರಿಯ ಹಿತ್ತಲ ತೋಟದಲ್ಲಿ. ಕಟ್ಟಡ 1870ರದು, ಮೆಟ್ಟಿಲು ಇದ್ದೇ ಇದೆ. ಒಳಗೆ ಹೋಗುವ ದಾರಿ, ಸನ್ನೆ ಭಾಷೆಯವರು ಯಾವ ಗೋಷ್ಠಿಗೆ ಇರುತ್ತಾರೆ, ರ‍್ಯಾಂಪ್ ಹಾಕುತ್ತಾರೆಯೇ ಎಂದು ಒಂದು ವಾರ ಮೊದಲೇ ಬರೆದು ಕೇಳಿ, ಉತ್ತರವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಗೇಟಿನ ಸ್ವಯಂಸೇವಕರಿಗೆ ತೋರಿಸಲು ಬೇಕಾಗುತ್ತದೆ. ಹುಲ್ಲಿಗೆ ನೀರು ಬಿಟ್ಟಿದ್ದರೆ ಮುಂದಿನ ಸಣ್ಣ ಗಾಲಿ ಹೂತುಕೊಳ್ಳುತ್ತದೆ, ಕುರ್ಚಿ ತಿರುಗಿಸಿ ದೊಡ್ಡ ಗಾಲಿ ಮೊದಲು ಬರುವಂತೆ ಹಿಂದಕ್ಕೆ ಎಳೆಯಿರಿ. ಶನಿವಾರ, ಭಾನುವಾರ ಸಂಜೆ ಅತ್ತ ತಲೆ ಹಾಕಬೇಡಿ. ಸೆಲ್ಫಿಯವರ ನಡುವೆ ಕುರ್ಚಿ ಅಲುಗದು.

ಊಟಕ್ಕೆ ಮಾಟುಂಗಾ ತನಕ ಹೋಗುವುದು ಸಾರ್ಥಕ. ಸ್ಟೇಷನ್ ಪಕ್ಕದ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದು. ಕೂಪನ್ ಕೊಂಡು ಕೂತರೆ ಬಾಳೆಲೆಗೆ ಬಿಸಿ ಅನ್ನ, ಸಾರು, ಪಲ್ಯ, ಹಪ್ಪಳ, ಮಜ್ಜಿಗೆ, ಬಡಿಸುವವರಿಗೆ ಕೈ ಬಿಗಿಯಿಲ್ಲ. ಈ ಊರಿನಲ್ಲಿ ಆ ದುಡ್ಡಿಗೆ ಅಂಥ ಊಟ ಅಪರೂಪ. ಆದರೆ ಮೊದಲ ಮಹಡಿ. ಕೋಲು ಹಿಡಿದು ನಿಧಾನ ಹತ್ತುವವರಿಗೆ ಸರಿ, ಗಾಲಿಕುರ್ಚಿಯವರಿಗೆ ಅಲ್ಲ. ಅವರಿಗೆ ಕಿಂಗ್ಸ್ ಸರ್ಕಲ್ಲಿನ ಕೆಫೆ ಮದ್ರಾಸ್: ರಸಂ ವಡೆ, ರಾಗಿ ದೋಸೆ. ಟೇಬಲ್ಲುಗಳು ಒತ್ತೊತ್ತು, ಹೆಸರು ಬರೆಸುವಾಗಲೇ ಅಂಚಿನದು ಕೇಳಿ. ಸೋಮವಾರ ಎರಡಕ್ಕೂ ರಜೆ.