ಓದುವ ಕೋಣೆಯ ವೈಫೈ: ಮೆಸೇಜು ಇರಲಿ, ಕರೆ ಬೇಡ

ಮೂಡಿಗೆರೆಯ ನಮ್ಮ ಓದುವ ಕೋಣೆಯ ರೂಟರ್ ಕೆಲಸ ಈಗ ಒಂದು ಹದಕ್ಕೆ ಬಂದಿದೆ. ಹುಡುಗರು ಕೇಳಿದ್ದು ಇಷ್ಟೇ: ಪರೀಕ್ಷೆಗೆ ಓದುವವರ ಪಕ್ಕದಲ್ಲಿ ಕೂತು ಯಾರೂ ವಾಟ್ಸಾಪ್ ಕರೆಯಲ್ಲಿ ಮಾತಾಡಬಾರದು. ಆದರೆ ಮೆಸೇಜು, ಪಿಡಿಎಫ್ ನೋಟ್ಸು ನಿಲ್ಲಬಾರದು.

ವಾಟ್ಸಾಪ್‌ನ ಸರ್ವರ್ ವಿಳಾಸಗಳನ್ನು ತಡೆದರೆ ಕರೆಯ ಜೊತೆ ಮೆಸೇಜೂ ನಿಂತುಹೋಗುತ್ತದೆ. ಒಳಗೇನಿದೆ ಅಂತ ನೋಡಿ ಬೇರೆ ಮಾಡಲು ಬರುವುದಿಲ್ಲ, ಎಲ್ಲ ಎನ್‌ಕ್ರಿಪ್ಟ್ ಆಗಿರುತ್ತದೆ. ಬಂದರೂ ನಾನು ನೋಡುವವನಲ್ಲ. ಹಾಗಾಗಿ ಹಿಡಿದದ್ದು ಅವು ಓಡಾಡುವ ದಾರಿಯನ್ನು. ಮೆಸೇಜು ಟಿಸಿಪಿಯಲ್ಲಿ (ತಲುಪಿತೇ ಅಂತ ಖಚಿತ ಮಾಡಿಕೊಳ್ಳುತ್ತಾ ಕಳಿಸುವ ವಿಧಾನ) ಹೋಗುತ್ತದೆ, ಮಾತು ಸಾಮಾನ್ಯವಾಗಿ ಯುಡಿಪಿಯಲ್ಲಿ (ಉತ್ತರಕ್ಕೆ ಕಾಯದೆ ಬೇಗ ಕಳಿಸುವ ವಿಧಾನ). ಮಾತು ಶುರುವಾಗುವ ಮೊದಲು ಫೋನು ಸ್ಟನ್ ಎಂಬ ಪ್ರೋಟೊಕಾಲ್‌ನಿಂದ ದಾರಿ ಹುಡುಕುತ್ತದೆ, ಹೆಚ್ಚಾಗಿ 3478ನೇ ಪೋರ್ಟ್‌ನಲ್ಲಿ. ಪೋರ್ಟ್ ಅಂದರೆ ಡೇಟಾ ಓಡಾಡುವ, ನಂಬರ್ ಇರುವ ಬಾಗಿಲು.

ಪೋರ್ಟ್ ಒಂದನ್ನೇ ಮುಚ್ಚಿದರೆ ಸಾಲದು, ಆ್ಯಪ್‌ಗಳು ಬೇರೆ ಪೋರ್ಟ್ ಹಿಡಿಯುತ್ತವೆ. ಆದರೆ 2008ರ ಆರ್‌ಎಫ್‌ಸಿ 5389 ಎಂಬ ಇಂಟರ್ನೆಟ್ ಮಾನದಂಡದಿಂದ ಈಚೆಗೆ ಪ್ರತಿ ಸ್ಟನ್ ಪ್ಯಾಕೆಟ್‌ನಲ್ಲೂ ಮ್ಯಾಜಿಕ್ ಕುಕಿ ಎಂಬ 4 ಬೈಟ್‌ಗಳ ಗುರುತು ಒಂದೇ ಜಾಗದಲ್ಲಿ ಇರುತ್ತದೆ. ಪ್ಯಾಕೆಟ್‌ನ ತಲೆಬರಹವಾದ ಯುಡಿಪಿ ಹೆಡರ್‌ನ ಮೊದಲಿಂದ ಎಣಿಸಿದರೆ 96ನೇ ಬಿಟ್ ಆದ ಮೇಲಿನ 32 ಬಿಟ್. ರೂಟರ್‌ನಲ್ಲಿರುವ ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶದ ತಡೆ ವ್ಯವಸ್ಥೆ ಎನ್‌ಎಫ್‌ಟೇಬಲ್ಸ್‌ನಲ್ಲಿ ಆ ಗುರುತಿರುವ ಪ್ಯಾಕೆಟ್ ಹುಡುಕಿ ಬಿಸಾಡುವ ನಿಯಮ ಬರೆದಿದ್ದೇನೆ. ಈಗಾಗಲೇ ಶುರುವಾದ ಸಂಪರ್ಕಗಳನ್ನು ಬಿಡುವ ಸಾಲಿಗಿಂತ ಮೇಲೆ ಇದನ್ನು ಇಡಬೇಕು. ಈಗ ಫೋನು ರಿಂಗ್ ಆಗುತ್ತದೆ, ಎತ್ತಿದರೆ ಮಾತು ಸೇರುವುದಿಲ್ಲ. ರಿಂಗ್ ಆಗುವ ಸುದ್ದಿ ಮೆಸೇಜಿನ ದಾರಿಯಲ್ಲೇ ಬರುತ್ತದೆ, ಅದಕ್ಕೆ.

"ಯುಡಿಪಿಯನ್ನೇ ಪೂರ್ತಿ ಮುಚ್ಚಿಬಿಡಿ, ಸುಮ್ನೆ ಯಾಕೆ ತಲೆನೋವು" ಅಂದವರಿದ್ದಾರೆ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. 53ನೇ ಪೋರ್ಟ್‌ನಲ್ಲಿ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕುವುದು), 123ರಲ್ಲಿ ಗಡಿಯಾರ ಹೊಂದಿಸುವ ಕೆಲಸ ನಡೆಯಬೇಕು. ಅದಕ್ಕಿಂತ ದೊಡ್ಡದು, ಸಿಮ್ ಕಂಪನಿಗಳ ವೈಫೈ ಕಾಲಿಂಗ್ (ಮಾಮೂಲಿ ನಂಬರಿನ ಕರೆ ಟವರ್ ಬದಲು ವೈಫೈಯಲ್ಲಿ ಬರುವುದು) 500 ಮತ್ತು 4500ನೇ ಯುಡಿಪಿ ಪೋರ್ಟ್‌ಗಳಲ್ಲಿ ಓಡುತ್ತದೆ. ನಮ್ಮ ಕಡೆ ಗೋಡೆ ದಪ್ಪ, ಗುಡ್ಡ ಜಾಸ್ತಿ, ಕೋಣೆಯೊಳಗೆ ಟವರ್ ಸಿಗುವುದೇ ಕಷ್ಟ. ಮಳೆಗಾಲದ ರಾತ್ರಿ ಮನೆಯಿಂದ ತುರ್ತಾಗಿ ಯಾರಾದರೂ ನಂಬರಿಗೆ ಫೋನ್ ಮಾಡಿದರೆ ಅದು ತಲುಪಲೇಬೇಕು, ಅಲ್ವಾ? ಆ ಎರಡು ಪೋರ್ಟ್‌ಗಳನ್ನು ನಿಯಮಗಳ ಮೊದಲ ಸಾಲಿನಲ್ಲೇ ತಡೆಯಿಲ್ಲದೆ ಬಿಟ್ಟಿದ್ದೇನೆ. ಕರೆ ಬಂದವರು ಎದ್ದು ಹೊರಗೆ ಹೋಗಿ ಮಾತಾಡುತ್ತಾರೆ.

ಹೊರಗೆ ಅಂದರೆ ಜಗಲಿ. ಅಲ್ಲಿಗೆ ಬೇರೆ ವೈಫೈ ಹೆಸರು ಕೊಟ್ಟಿದ್ದೇನೆ, ಅದರಲ್ಲಿ ಯಾವ ತಡೆಯೂ ಇಲ್ಲ. ಸಿಗ್ನಲ್ ಒಳಗೆ ಜಾಸ್ತಿ ಬರದಂತೆ ಪವರ್ ಇಳಿಸಿದ್ದೇನೆ. ಗೂಗಲ್ ಮೀಟ್‌ನಂಥವುಗಳಲ್ಲಿ ನಡೆಯುವ ಆನ್‌ಲೈನ್ ಕ್ಲಾಸುಗಳೂ ಸ್ಟನ್ ಬಳಸುವುದರಿಂದ ಅವನ್ನು ನೋಡುವವರಿಗೂ ಜಗಲಿಯೇ ಜಾಗ. ಏನನ್ನು ತಡೆದಿದ್ದೇವೆ, ಯಾಕೆ ಅಂತ ಬಾಗಿಲಲ್ಲಿ ಬರೆದು ಅಂಟಿಸಿದ್ದೇವೆ. ಹೇಳದೆ ತಡೆಯುವುದು ನನಗೆ ಸರಿ ಕಾಣುವುದಿಲ್ಲ.

ಕೆಲವು ಆ್ಯಪ್‌ಗಳು ಯುಡಿಪಿ ಸಿಗದಿದ್ದರೆ ಟಿಸಿಪಿ 443ರಲ್ಲಿ ಮಾತು ಸಾಗಿಸಬಲ್ಲವು. ಆಗ ಅದು ಮಾಮೂಲಿ ವೆಬ್‌ಸೈಟಿನಂತೆಯೇ ಕಾಣುತ್ತದೆ. ಅದರ ಬೆನ್ನು ಹತ್ತುವುದಿಲ್ಲ, ಅಂಥ ಕಡೆ ಮೇಲ್ವಿಚಾರಕಿ ಅಕ್ಕನ ಒಂದು ಮಾತು ಸಾಕು. ಮುಂದೆ ಜಗಲಿಯ ಅಪ್‌ಲೋಡಿಗೆ ಎಸ್‌ಕ್ಯೂಎಂ (ಪ್ಯಾಕೆಟ್‌ಗಳ ಸಾಲು ಉದ್ದ ಬೆಳೆಯದಂತೆ ಎಲ್ಲರಿಗೂ ಹಂಚುವ ವ್ಯವಸ್ಥೆ) ಹಾಕಬೇಕು. ಅಲ್ಲಿ ಒಬ್ಬರ ವಿಡಿಯೊ ಕರೆಯಿಂದ ಇನ್ನೊಬ್ಬರ ಕ್ಲಾಸು ತಡವರಿಸುತ್ತಿದೆ.